ಇಳಿಯುವ ನೆಲ

ಅರ್ಧ ತಿಳಿವಳಿಕೆಯು ಅಜ್ಞಾನಕ್ಕಿಂತ ಹೆಚ್ಚು ಧೈರ್ಯವನ್ನು ಕೊಡುತ್ತದೆ. ಅಜ್ಞಾನಿಯು ಅಂಜಿ ನಿಲ್ಲುವಲ್ಲಿ ಅರ್ಧ ತಿಳಿದವನು ನುಗ್ಗುವನು. ಕೆಂಗೇರಿ ಉಪನಗರದ ಒಂದು ಮನೆಯಲ್ಲಿ ಇದು ಅನುಭವಕ್ಕೆ ಬಂದಿತು.

ಆ ಮನೆಯ ಹಿರಿಯರು ಬಹುಕಾಲ ಭೌತಶಾಸ್ತ್ರವನ್ನು ಬೋಧಿಸಿ ವಿಶ್ರಾಂತರಾದವರು. 2021ರಲ್ಲಿ ಮೆಟ್ರೊ ರೈಲು ಕೆಂಗೇರಿಯವರೆಗೆ ಬಂದ ಮೇಲೆ, ಮೊಮ್ಮಗನೊಡನೆ ವಿಜಯನಗರಕ್ಕೆ ಹೋಗಿ ತರಕಾರಿ ಕೊಂಡು ತರುವುದು ಅವರ ವಾಡಿಕೆಯಾಯಿತು. ಒಮ್ಮೆ ಹಿಂದಿರುಗುವಾಗ, ರೈಲು ಸಮವೇಗದಿಂದ ಸಾಗುತ್ತಿದ್ದ ಹೊತ್ತು ನೋಡಿ, ನಿಂಬೆಯ ಹಣ್ಣೊಂದನ್ನು ಕೈಬಿಟ್ಟರು. ಅದು ಹಿಂದೆ ಉಳಿಯಲಿಲ್ಲ; ನೆಟ್ಟಗೆ ಅವರ ಪಾದದ ಬಳಿಯೇ ಬಿದ್ದಿತು. ಮುಂದಕ್ಕೆ ಸಾಗುವ ಚಲನೆ ಬೇರೆ, ಕೆಳಕ್ಕೆ ಬೀಳುವ ಚಲನೆ ಬೇರೆ, ಒಂದು ಇನ್ನೊಂದನ್ನು ಕೆಡಿಸದು ಎಂದು ತಿಳಿಸಿದರು. ಎರಡೂ ಕೂಡಿದಾಗ ವಸ್ತುವಿನ ದಾರಿಯು ಪರವಲಯವೆಂಬ ಬಾಗುರೇಖೆಯಾಗುವುದೆಂದು ಗೆಲಿಲಿಯೊ 1638ರ ತನ್ನ ಗ್ರಂಥದಲ್ಲಿ ತೋರಿಸಿದ್ದನ್ನೂ ವಿವರಿಸಿದರು.

“ಹಾಗಾದರೆ ಜಗಲಿಯಿಂದ ಸೈಕಲ್ಲು ಎಷ್ಟು ವೇಗವಾಗಿ ಹಾರಿದರೂ ಬೀಳಲು ಹಿಡಿಯುವ ಹೊತ್ತು ಅಷ್ಟೆಯೆ?” ಎಂದು ಹುಡುಗನು ಕೇಳಿದನು.

“ಅಷ್ಟೆ” ಎಂದರು ಹಿರಿಯರು, ಅವನ ಬುದ್ಧಿಗೆ ಹಿಗ್ಗಿ.

ಹುಡುಗನು ಆ ಮಾತನ್ನು ಅಭಯವೆಂದೇ ಬಗೆದನು. ಮರುವಾರ ಖಾಲಿ ನಿವೇಶನವೊಂದರ ಎತ್ತರದ ಜಗಲಿಯಿಂದ ಸೈಕಲ್ ಹಾರಿಸಿ, ಕೆಳಗಿನ ಕಾಂಕ್ರೀಟಿನ ಮೇಲೆ ಬಿದ್ದು, ಮುಂಗೈಯ ಮೂಳೆ ಮುರಿದುಕೊಂಡನು. ತಾಯಿ ವೇಗವನ್ನು ಶಪಿಸಿ ಸೈಕಲ್ಲಿಗೆ ಬೀಗ ಹಾಕಿದಳು. ಹಿರಿಯರು ಮಾತನಾಡಲಿಲ್ಲ.

ಆ ರಾತ್ರಿ ಅವರು ಲೆಕ್ಕ ಮಾಡಿದರು. ಜಗಲಿಯ ಎತ್ತರ 1.25 ಮೀಟರ್, ಅಷ್ಟು ಬೀಳಲು ಸುಮಾರು ಅರ್ಧ ಸೆಕೆಂಡು. ಗಂಟೆಗೆ 18 ಕಿಲೋಮೀಟರ್ ವೇಗದ ಸೈಕಲ್ಲು ಅಷ್ಟರಲ್ಲಿ 2.5 ಮೀಟರ್ ಮುಂದೆ ಸಾಗಿರುತ್ತದೆ. ಅದುವರೆಗೆ ಕೆಳಮುಖದ ವೇಗವೂ ಸೆಕೆಂಡಿಗೆ 5 ಮೀಟರ್ ಆಗಿ, ಮುಂದಿನ ವೇಗಕ್ಕೆ ಸಮವಾಗಿರುತ್ತದೆ. ಮಟ್ಟವಾದ ನೆಲವು ಆ ಕೆಳಮುಖದ ವೇಗವನ್ನೆಲ್ಲ ಒಂದೇ ಏಟಿಗೆ ತಡೆಯುವುದು. ಇಳಿಯುವ ಸ್ಥಳದಲ್ಲಿ 30 ಅಂಶದ ಇಳಿಜಾರಿದ್ದರೆ ನೆಲಕ್ಕೆ ನೇರವಾಗಿ ತಾಗುವ ವೇಗವು ಸೆಕೆಂಡಿಗೆ 2 ಮೀಟರಿಗಿಂತಲೂ ಕಡಿಮೆ. 45 ಅಂಶವಿದ್ದರೆ ದಾರಿಯೂ ನೆಲವೂ ಒಂದೇ ದಿಕ್ಕಾಗಿ, ಪೆಟ್ಟು ಇಲ್ಲವೆಂಬಷ್ಟು ಅಲ್ಪ. ಆದುದರಿಂದಲೇ ಈ ಆಟದಲ್ಲಿ ನುರಿತವರು ಇಳಿಯುವ ಕಡೆಗೂ ಮಣ್ಣಿನ ಇಳಿಜಾರನ್ನು ಕಟ್ಟುತ್ತಾರೆ. ಮೊಣಕೈ ಮೊಣಕಾಲುಗಳನ್ನು ಬಗ್ಗಿಸಿ, ಚೆಂಡು ಹಿಡಿಯುವವನು ಕೈಯನ್ನು ಹಿಂದೆಳೆಯುವಂತೆ, ಉಳಿದ ಪೆಟ್ಟನ್ನು ನಿಧಾನಗೊಳಿಸುತ್ತಾರೆ.

ಬೆಳಗ್ಗೆ ಅವರು ಮೊಮ್ಮಗನ ಬಳಿ ಕುಳಿತು ಆ ಬಾಗುರೇಖೆಯನ್ನು ಬರೆದರು. “ಇಷ್ಟು ವರ್ಷ ಈ ಚಿತ್ರವನ್ನು ನೆಲ ಮುಟ್ಟಿದೊಡನೆ ನಿಲ್ಲಿಸಿಬಿಡುತ್ತಿದ್ದೆ. ಪರೀಕ್ಷೆಯೂ ಅಲ್ಲಿಗೇ ನಿಲ್ಲುತ್ತಿತ್ತು. ತಪ್ಪು ನನ್ನದು” ಎಂದು ಹೇಳಿ, ರೇಖೆಯ ತುದಿಗೆ ಒಂದು ಇಳಿಜಾರನ್ನು ಸೇರಿಸಿದರು.

ಹುಡುಗನು ಬಹಳ ಹೊತ್ತು ನೋಡಿ, “ಸೈಕಲ್ಲಿನ ಬೀಗದ ಕೈ?” ಎಂದನು.

“ಅದು ನಿಮ್ಮ ತಾಯಿಯ ಬಳಿ ಇದೆ. ಕೈ ಕೂಡಿಕೊಳ್ಳಲಿ, ಆಮೇಲೆ ಇಬ್ಬರೂ ಹೋಗಿ ಈ ಚಿತ್ರವನ್ನು ಅವಳಿಗೆ ತೋರಿಸೋಣ.”