ಅಕ್ಕನ ಕಾಲಿನ ಹುಣ್ಣು

2014ರ ಶ್ರಾವಣದಲ್ಲಿ ಬನಹಟ್ಟಿಯಲ್ಲಿರುವ ನನ್ನ ಅಕ್ಕನ ಮೊಣಕಾಲಿನ ಕೆಳಗೆ ಹೆಸರುಕಾಳಿನಷ್ಟು ಗುಳ್ಳೆಯೊಂದು ಎದ್ದಿತು. ಮಗ್ಗದ ಕಟ್ಟಿಗೆ ತಾಗಿರಬೇಕೆಂದು ಅರಿಷಿಣ ಹಚ್ಚಿದರು. ಕೆಲವೇ ದಿನಗಳಲ್ಲಿ ಅದು ಒಡೆದು ಅಂಗೈಯಗಲ ಹುಣ್ಣಾಯಿತು. ಅಂಚಿಗೆ ನೇರಳೆಹಣ್ಣಿನ ಬಣ್ಣ. ಸೀರೆಯ ನೆರಿಗೆ ತಾಗಿದರೂ ಚೀರುತ್ತಿದ್ದಳು.

ಸಮೀಪದ ಆಸ್ಪತ್ರೆಯೊಂದರಲ್ಲಿ ಕೊಳೆತ ಭಾಗವನ್ನು ಕೆರೆದು ತೆಗೆಯಬೇಕೆಂದರು. ಅಕ್ಕ ಒಲ್ಲೆನೆಂದಳು. "ಸ್ವಚ್ಛ ಮಾಡದ ಹುಣ್ಣು ಹ್ಯಾಂಗ ಮಾಯತೈತಿ ಅಕ್ಕಾ?" ಎಂದು ಗದರಿಸಿ ಒಪ್ಪಿಸಿದವನು ವಿಜ್ಞಾನದ ಮಾಸ್ತರನಾದ ನಾನೇ. ಎರಡು ಸಲ ಕೆರೆದರು; ಎರಡು ಸಲವೂ ಹುಣ್ಣು ಹಿಗ್ಗಿತು. ಅವಳಿಗೆ ಸಕ್ಕರೆ ಕಾಯಿಲೆಯಿರಲಿಲ್ಲ, ಆಂಟಿಬಯಾಟಿಕ್ ನಾಟಲಿಲ್ಲ. ಕೊನೆಗೆ ಕಾಲು ತೆಗೆಯುವ ಮಾತು ಬಂದಿತು.

ಜಮಖಂಡಿ, ಬೀಳಗಿ ಮಾರ್ಗವಾಗಿ ಬಾಗಲಕೋಟೆಗೆ ಕರೆದೊಯ್ದೆ. ಅನಗವಾಡಿಯ ಸೇತುವೆ ದಾಟುವಾಗ ಅಕ್ಕ ಕೇಳಿದಳು: "ತಮ್ಮಾ, ಕಾಲು ಕಡೀತಾರೇನೋ?" ನನ್ನಲ್ಲಿ ಉತ್ತರವಿರಲಿಲ್ಲ.

ಅಲ್ಲಿಯ ಚರ್ಮವೈದ್ಯೆ ಚಿಕ್ಕ ವಯಸ್ಸಿನವರು. ಹುಣ್ಣಿನ ಅಂಚನ್ನು ಬಹಳ ಹೊತ್ತು ನೋಡಿ, ಕಾಲನ್ನು ಬಿಟ್ಟು ಹೊಟ್ಟೆಯ ವಿಷಯ ಕೇಳಿದರು: "ಯವ್ವಾ, ಹೊರಕಡೆ ಹೋದಾಗ ರಕ್ತ ಬರತೈತೇನ್ರಿ?" ಅಕ್ಕ ನನ್ನತ್ತ ನೋಡಿ ತಲೆ ತಗ್ಗಿಸಿದಳು. ನಾನು ಹೊರಗೆ ಬಂದೆ. ಎರಡು ವರ್ಷಗಳಿಂದ ನಾಚಿಕೆಯಿಂದ ಯಾರಿಗೂ ಹೇಳದೆ ಸಹಿಸಿಕೊಂಡಿದ್ದಳಂತೆ.

ಪಯೋಡರ್ಮಾ ಗ್ಯಾಂಗ್ರಿನೋಸಮ್. 1930ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ಬ್ರನ್‌ಸ್ಟಿಂಗ್ ಮತ್ತು ಸಂಗಡಿಗರು ಇಟ್ಟ ಹೆಸರು. ಹೆಸರಿನಲ್ಲಿ ಗ್ಯಾಂಗ್ರೀನ್ ಇದ್ದರೂ ಇದು ಗ್ಯಾಂಗ್ರೀನ್ ಅಲ್ಲ, ಸೋಂಕೂ ಅಲ್ಲ. ಬಿಳಿಯ ರಕ್ತಕಣಗಳು ದೇಹದ ಸಿಪಾಯಿಗಳೆಂದು ನಾನು ಕಲಿಸಿದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಸಿಪಾಯಿಗಳು ತಮ್ಮ ಊರನ್ನೇ ಸುಲಿಯಬಹುದೆಂದು ಕಲಿಸಿರಲಿಲ್ಲ. ಇಲ್ಲಿ ಆಗುವುದು ಅದೇ. ಚರ್ಮಕ್ಕೆ ಗಾಯವಾದಷ್ಟೂ ಅವು ಕೆರಳುತ್ತವೆ. ಕೆರೆದಾಗ ಹುಣ್ಣು ಬೆಳೆದದ್ದು ಆದ್ದರಿಂದಲೇ. ಅನೇಕರಲ್ಲಿ ಇದರ ಹಿಂದೆ ಕರುಳಿನ ಉರಿಯೂತ, ಕೀಲುವಾತ ಅಥವಾ ರಕ್ತದ ಕಾಯಿಲೆ ಅಡಗಿರುತ್ತದೆ. ಇದೇ ರೋಗವೆಂದು ಸಾರುವ ಒಂದೇ ಪರೀಕ್ಷೆಯಿಲ್ಲ. ಅಂಚಿನ ತುಣುಕನ್ನು ಬಯಾಪ್ಸಿಗೆ ಕಳಿಸಿ ಸೋಂಕು, ಕ್ಯಾನ್ಸರ್, ರಕ್ತನಾಳದ ಉರಿಯೂತಗಳನ್ನು ಒಂದೊಂದಾಗಿ ತಳ್ಳಿಹಾಕಬೇಕು.

ಕೊಲೊನೋಸ್ಕೋಪಿಯಲ್ಲಿ ಅಲ್ಸರೇಟಿವ್ ಕೊಲೈಟಿಸ್ ಕಂಡಿತು. ಪ್ರೆಡ್ನಿಸೊಲೋನ್ ಮಾತ್ರೆ ಆರಂಭಿಸಿದರು, ಕರುಳಿಗೂ ಬೇರೆ ಔಷಧ ಕೊಟ್ಟರು. ಹುಣ್ಣನ್ನು ಉಪ್ಪುನೀರಿನ ದ್ರಾವಣದಿಂದ ಮೆಲ್ಲಗೆ ತೊಳೆಯುವುದು ಮಾತ್ರ, ಕತ್ತರಿ ಮುಟ್ಟಿಸಲಿಲ್ಲ. ನೋವು ವಾರದೊಳಗೆ ತಗ್ಗಿತು. ಗಾಯ ಮಾಯಲು ಐದು ತಿಂಗಳು ಹಿಡಿಯಿತು. ಮಾತ್ರೆಯನ್ನು ಥಟ್ಟನೆ ಬಿಡದೆ ಹಂತಹಂತವಾಗಿ ಇಳಿಸಿದರು. ಅವಳ ಮುಖ ಊದಿಕೊಂಡಿತು, ಸಕ್ಕರೆ ಸ್ವಲ್ಪ ಏರಿ ಇಳಿಯಿತು. ಈಗ ಕಾಲಿನ ಮೇಲೆ ಜರಡಿಯ ಕಣ್ಣಿನಂಥ ಕಲೆ ಉಳಿದಿದೆ.

ಗದರಿಸಿದ್ದಕ್ಕೆ ಒಮ್ಮೆ ಕ್ಷಮೆ ಕೇಳಿದೆ. "ನಾನೂ ಹೇಳಲಿಲ್ಲಲ್ಲೋ ತಮ್ಮಾ" ಎಂದಳು. ಈಗ ಬನಹಟ್ಟಿಗೆ ಹೋದಾಗಲೆಲ್ಲ ಚಹಕ್ಕೆ ಮೊದಲು ಹೊಟ್ಟೆಯ ಕುಶಲ ಕೇಳುತ್ತೇನೆ. ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಾಳೆ. ಆದರೂ ಹೇಳುತ್ತಾಳೆ.