ನಾಲ್ಕು ಟೈರು, ಒಂದು ಸ್ಟೆಪ್ನಿ

ನಮ್ಮೂರು ಖಟಕ ಚಿಂಚೋಳಿ. ಹೆಸರು ಕೇಳಿದ ಕೂಡಲೇ ಎಲ್ಲರೂ ಕಲಬುರಗಿ ಜಿಲ್ಲೆಯ ಚಿಂಚೋಳಿ ಅಂದುಕೊಳ್ಳುತ್ತಾರೆ. ಅಲ್ರೀ, ನಮ್ಮದು ಬೀದರ್ ಜಿಲ್ಲೆ, ಭಾಲ್ಕಿ ತಾಲೂಕು ಅಂತ ಬೆಂಗಳೂರಿಗೆ ಬಂದ ಎಂಟು ವರ್ಷದಿಂದ ಹೇಳುತ್ತಲೇ ಇದ್ದೇನೆ. ಹೋದ ವರ್ಷ ನಾನು ತರಿಸಿದ ಐದು ರಿಮ್ಮುಗಳೂ ಇದೇ ಗೊಂದಲದಲ್ಲಿ ಆ ಚಿಂಚೋಳಿಗೆ ಹೋಗಿ ನಾಲ್ಕು ದಿನ ಕೂತಿದ್ದವು. ಈ ಬರಹ ಆ ರಿಮ್ಮುಗಳದ್ದೇ.

ಅಪ್ಪನ ಹತ್ತಿರ 1998ರ ಮಾಡೆಲ್ ಮಹೀಂದ್ರಾ ಕಮಾಂಡರ್ ಜೀಪಿದೆ. ಭಾಲ್ಕಿಗೂ ನಮ್ಮೂರಿಗೂ ಜನರನ್ನು ಹೊತ್ತು ಹತ್ತೊಂಬತ್ತು ವರ್ಷ ಓಡಿದ ಗಾಡಿ. ನನ್ನ ಇಂಜಿನಿಯರಿಂಗ್ ಓದಿನ ದುಡ್ಡು ಬಂದಿದ್ದು ಇದರಿಂದಲೇ. 2017ರಲ್ಲಿ ನನಗೆ ಕೆಲಸ ಸಿಕ್ಕ ತಿಂಗಳೇ, ‘ಇನ್ನ ಸಾಕು ಅಪ್ಪ’ ಅಂದೆ. ಅವನ ಮೊಣಕಾಲೂ ಅದನ್ನೇ ಹೇಳುತ್ತಿದ್ದವು. ಜೀಪು ಬೇವಿನ ಮರದ ಕೆಳಗೆ ನಿಂತಿತು. ಗಾಳಿ ಇಳಿದು ಟೈರುಗಳು ನೆಲಕ್ಕೆ ಕಚ್ಚಿಕೊಂಡವು. ಹಿಂದಿನ ಸೀಟಿನಲ್ಲಿ ಕೋಳಿಗಳು ಮೊಟ್ಟೆ ಇಡಲು ಶುರು ಮಾಡಿದವು.

ಅದನ್ನು ಮತ್ತೆ ರಸ್ತೆಗೆ ಇಳಿಸಬೇಕು ಅನ್ನುವ ಹುಚ್ಚು ನನಗೆ ಹತ್ತಿದ್ದು ಎರಡು ವರ್ಷದ ಹಿಂದೆ. ಅಪ್ಪನ ಹಳೆಯ ದೋಸ್ತ್, ನಾವೆಲ್ಲ ಮಿಸ್ತ್ರಿ ಚಾಚಾ ಅನ್ನುವವರು, ಬೀದರಿನಲ್ಲಿ ಕೆಲಸಕ್ಕೆ ಕೂತರು. ಗಾಡಿಯ ಮೂಲ ರಚನೆ ಬದಲಿಸುವ ಹಾಗಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಚಾಸಿ, ಎಂಜಿನ್, ಆಕಾರ ಎಲ್ಲ ಹಳೆಯದೇ. ತುಕ್ಕು ತಿಂದ ತಗಡು, ಸೀಟು, ವೈರಿಂಗ್, ಬ್ರೇಕು ಮಾತ್ರ ಹೊಸದು. ಕೊನೆಗೆ ಉಳಿದಿದ್ದು ಗಾಲಿ. ಅದನ್ನು ನನಗೆ ಬಿಡಿ ಅಂದೆ.

ಒಂದು ಶನಿವಾರ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದೆ. ಅಂಗಡಿ ಅಂಗಡಿ ಸುತ್ತಿ ಒಂದು ಟೈರು ನೋಡಿ ಸೋತೆ. 31 ಇಂಚು ಎತ್ತರ, ಹತ್ತೂವರೆ ಇಂಚು ಅಗಲ, ಬದಿಯಲ್ಲಿ ದಪ್ಪ ಬಿಳಿ ಅಕ್ಷರ. ಜೊತೆಗೆ ಕಪ್ಪು ಅಲಾಯ್ ರಿಮ್ಮು. ಫೋಟೊದಲ್ಲಿ ಜೀಪು ಹುಲಿಯ ಹಾಗೆ ಕಾಣುತ್ತದೆ. ಅಲ್ಲಿಂದಲೇ ಅಪ್ಪನಿಗೆ ವಿಡಿಯೊ ಕಾಲ್ ಮಾಡಿದೆ.

‘ಮಳಿಗಾಲದಾಗ ನಮ್ಮ ಎರಿ ಮಣ್ಣಾಗ ಸಣ್ಣ ಟೈರು ಕೊಯ್ಕೊಂಡು ಹೋಗ್ತದ. ಇದು ಮೆತ್ಕೊಂಡು ಕೂಡ್ತದ,’ ಅಂದ. ಆಮೇಲೆ ಒಂದೊಂದೇ ಪ್ರಶ್ನೆ. ‘ಪಾವರ್ ಸ್ಟೇರಿಂಗ್ ಇಲ್ಲ, ತಿರುಗಸಾವ್ರು ಯಾರು? ಭಾಲ್ಕ್ಯಾಗ ಪಂಕ್ಚರ್ ಆದ್ರ ಯಾರ್ ತಗೀತಾರ? ಸ್ಟೆಪ್ನಿ ತಗೊಂಡಿ ಏನ್?’ ನಾನು ನಾಲ್ಕು ಟೈರಿನ ಲೆಕ್ಕ ಮಾತ್ರ ಹಾಕಿದ್ದೆ. ‘ಫೋಟೊ ತೆಗಸ್ಲಾಕ ತಗೊಳ್ಳತ್ತಿ ಏನ್, ಓಡಸ್ಲಾಕ?’ ಅಂದು ಫೋನ್ ಅವ್ವನ ಕೈಗೆ ಕೊಟ್ಟ.

ಸಿಟ್ಟು ಬಂತು. ಇಂಜಿನಿಯರ್ ಅಲ್ಲವೇ, ಎಕ್ಸೆಲ್ ಶೀಟ್ ತೆಗೆದು ಲೆಕ್ಕಕ್ಕೆ ಕೂತೆ. ಲೆಕ್ಕವೂ ಅಪ್ಪನ ಪಕ್ಷವನ್ನೇ ಹಿಡಿಯಿತು. ಜೀಪಿನ ಹಳೆಯ ಟೈರು 6.00-16. ಅಂದರೆ ಆರು ಇಂಚು ಅಗಲ, 16 ಇಂಚಿನ ರಿಮ್ಮು. ಪೂರ್ತಿ ಎತ್ತರ ಸುಮಾರು 730 ಮಿ.ಮೀ. ನಾನು ಮೆಚ್ಚಿದ್ದು 787 ಮಿ.ಮೀ. ಹತ್ತಿರ ಹತ್ತಿರ ಶೇ 8ರಷ್ಟು ದೊಡ್ಡದು. ಮೀಟರ್ 60 ತೋರಿಸುವಾಗ ಗಾಡಿ 65ರ ಹತ್ತಿರ ಓಡುತ್ತಿರುತ್ತದೆ. ದೊಡ್ಡ ಗಾಲಿಯನ್ನು ನಿಲ್ಲಿಸಲು ಹಳೆಯ ಬ್ರೇಕು ಹೆಚ್ಚು ದುಡಿಯಬೇಕು. ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಟೈರು ಲೀಫ್ ಸ್ಪ್ರಿಂಗಿಗೆ ಉಜ್ಜುತ್ತದೆ.

ಹುಡುಕುತ್ತಾ ಹೋದಾಗ ಸಿಕ್ಕಿದ್ದು 235/75 ಆರ್15. ಇದನ್ನು ಓದುವುದು ಸುಲಭ. ಅಗಲ 235 ಮಿ.ಮೀ. ಅದರ ಶೇ 75ರಷ್ಟು ಬದಿಯ ಎತ್ತರ, ಅಂದರೆ 176. ಮೇಲೆ ಕೆಳಗೆ ಎರಡು ಬದಿ ಸೇರಿ 352, ನಡುವೆ 15 ಇಂಚಿನ ರಿಮ್ಮಿನ 381. ಒಟ್ಟು 733. ಹಳೆಯ ಟೈರಿನಷ್ಟೇ ಎತ್ತರ! ಮುಂದೆ 105 ಅಂತ ಇದ್ದರೆ ಒಂದು ಟೈರು 925 ಕೆ.ಜಿ. ತಡೆಯುತ್ತದೆ ಅಂತ ಅರ್ಥ. ಬೊಲೆರೊಗಳಿಂದಾಗಿ 15 ಇಂಚಿನ ಗಾಲಿ ನಮ್ಮ ಕಡೆಯ ಪಂಕ್ಚರ್ ಅಂಗಡಿಗಳಿಗೂ ಪರಿಚಿತ. ರಿಮ್ಮಿಗೆ ಐದು ಬೋಲ್ಟು, ಅವು ಕೂರುವ ವೃತ್ತದ ಅಳತೆ 139.7 ಮಿ.ಮೀ. ಹಳೆಯ ವಿಲ್ಲೀಸ್ ಜೀಪಿನ ಕಾಲದಿಂದ ಬಂದ ಲೆಕ್ಕ ಇದು. ಅಷ್ಟು ಹೊಂದಿದರೂ ನಡುವಿನ ತೂತು ಹಬ್ಬಿಗಿಂತ ಸಣ್ಣದಾದರೆ ರಿಮ್ಮು ಕೂರುವುದಿಲ್ಲ. ಅಲಾಯ್ ಆಸೆ ಬಿಟ್ಟು ಸ್ಟೀಲ್ ರಿಮ್ಮೇ ತರಿಸಿದೆ. ಪೆಟ್ಟು ಬಿದ್ದು ಬಾಗಿದರೂ ಊರಲ್ಲಿ ಬಡಿದು ಸರಿಮಾಡಬಹುದು.

ಇನ್ನೊಂದು ಪಾಠ ಬೇರೊಂದು ಊರಿನಲ್ಲಾಯಿತು. ಒಂದು ಅಂಗಡಿಯಲ್ಲಿ ಇದೇ ಸೈಜು ಬಹಳ ಅಗ್ಗ. ‘ಫ್ರೆಶ್ ಮಾಲ್ ಸಾರ್’ ಅಂದರು. ಟೈರಿನ ಬದಿಯಲ್ಲಿ ಅಂಡಾಕಾರದೊಳಗೆ ನಾಲ್ಕು ಅಂಕಿ ಇತ್ತು: 1417. ಅಂದರೆ 2017ರ 14ನೇ ವಾರ ತಯಾರಾದದ್ದು. ಹೊಳೆಯುತ್ತಿತ್ತು, ಒಂದು ಕಿಲೋಮೀಟರೂ ಓಡಿರಲಿಲ್ಲ. ಆದರೆ ಏಳು ವರ್ಷದ ರಬ್ಬರು. ಟೈರು ಕೊಳ್ಳುವವರು ಬೆಲೆ ಕೇಳುವ ಮೊದಲು ಈ ನಾಲ್ಕು ಅಂಕಿ ನೋಡಿ.

ಅಂತೂ ಟೈರು ಬಂದವು, ದಾರಿ ತಪ್ಪಿದ ರಿಮ್ಮುಗಳೂ ಬಂದವು. ನಾನು ರಜೆ ಹಾಕಿ ಊರಿಗೆ ಹೋದೆ. ಚಾಚಾ ಹಳೆಯ ಗಾಲಿಗಳನ್ನು ಬಿಚ್ಚುತ್ತಿದ್ದರು. ಮುಂದಿನ ಬಲಗಡೆಯ ರಿಮ್ಮಿನ ಅಂಚು ಒಳಗೆ ಮಡಚಿ, ಬಡಿದು ನೆಟ್ಟಗೆ ಮಾಡಿದ ಗುರುತಿತ್ತು.

‘ಇದೇನ್ ಚಾಚಾ?’

‘ಇದು ಆ ದಿನದ್ದ ಬೇಟಾ. ನಿನಗ ಗೊತ್ತಿಲ್ಲ?’

ಗೊತ್ತಿರಲಿಲ್ಲ. ಚಾಚಾ ಪಾನಾ ಕೆಳಗಿಟ್ಟು ಹೇಳಿದರು. 2014ರ ಮಳೆಗಾಲ. ಗಾಡಿ ತುಂಬ ಜನ. ಮುಂದಿನ ಟೈರು ಸಿಡಿದು ಜೀಪು ತೊಗರಿ ಹೊಲಕ್ಕೆ ನುಗ್ಗಿತು. ಪಲ್ಟಿ ಆಗಲಿಲ್ಲ. ಒಬ್ಬ ಆಯಿಯ ಕೈ ಮುರಿಯಿತು. ಆಸ್ಪತ್ರೆಯ ಖರ್ಚು ಅಪ್ಪನೇ ಕೊಟ್ಟ. ಆಗ ನಾನು ಎರಡನೇ ವರ್ಷದ ಇಂಜಿನಿಯರಿಂಗ್. ಪರೀಕ್ಷೆ ನಡೆದಿತ್ತು. ಮನೆಯಲ್ಲಿ ‘ಪಂಕ್ಚರ್ ಆಗಿತ್ತು’ ಅಂದಿದ್ದರು, ನಾನು ನಂಬಿದ್ದೆ.

ಸಿಡಿದದ್ದು ರಿಮೋಲ್ಡ್ ಟೈರು. ಸವೆದ ಟೈರಿಗೆ ಮೇಲೆ ಹೊಸ ರಬ್ಬರು ಅಂಟಿಸಿದ್ದು. ಹಿಂದಿನ ಗಾಲಿಗೆ ಹಾಕಿ ಓಡಿಸುವವರಿದ್ದಾರೆ, ಮುಂದೆ ಹಾಕಬಾರದು ಅಂತ ಪ್ರತಿ ಡ್ರೈವರಿಗೂ ಗೊತ್ತು. ಅಪ್ಪನಿಗೂ ಗೊತ್ತು. ಆ ಜೂನ್‌ನಲ್ಲಿ ಎರಡು ಹೊಸ ಟೈರಿಗೆಂದು ಎತ್ತಿಟ್ಟ ದುಡ್ಡು ಎಲ್ಲಿಗೆ ಹೋಯಿತು ಅಂತ ಚಾಚಾ ಹೇಳಲಿಲ್ಲ. ಫೀಸು ಕಟ್ಟಿದ ರಸೀದಿ ಇಂದಿಗೂ ನನ್ನ ಫೈಲಿನಲ್ಲಿದೆ.

ರಾತ್ರಿ ಊಟ ಆದಮೇಲೆ ಅಪ್ಪನನ್ನು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ‘ಮುಂದ ರಿಮೋಲ್ಡ್ ಹಾಕಬಾರದಿತ್ತು. ಗೊತ್ತಿತ್ತು. ಹಾಕ್ದೆ. ನಿನ್ನ ಫೀಸು ನನ್ನ ಜವಾಬ್ದಾರಿ. ಗಾಡ್ಯಾಗ ಕುಂತವ್ರೂ ನನ್ನ ಜವಾಬ್ದಾರೀನೇ ಇದ್ರು,’ ಅಂದ.

ಏನು ಹೇಳಬೇಕೋ ತಿಳಿಯಲಿಲ್ಲ. ನನಗಾಗಿ ಅಪ್ಪ ಕಷ್ಟಪಟ್ಟ ಅಂತ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದವನು ನಾನು. ಆ ಕಷ್ಟದಲ್ಲಿ ಒಬ್ಬ ಆಯಿಯ ಪಾಲೂ ಇತ್ತು ಅಂತ ಹತ್ತು ವರ್ಷ ಗೊತ್ತೇ ಇರಲಿಲ್ಲ. ಪ್ರತಿ ದಸರೆಗೆ ಅಪ್ಪ ಬನ್ನಿ ಕೊಡಲು ಮೊದಲು ಹೋಗುವ ಮನೆ ಅವರದು. ನಾನು ದೂರದ ಸಂಬಂಧ ಇರಬೇಕು ಅಂದುಕೊಂಡಿದ್ದೆ.

ಮರುದಿನ ಅಪ್ಪ ಕನ್ನಡಕ ಹಾಕಿಕೊಂಡು ಐದೂ ಟೈರಿನ ಮುಂದೆ ಕುಕ್ಕರಗಾಲಲ್ಲಿ ಕೂತ. ನಾಲ್ಕು ಅಂಕಿ ಎಲ್ಲಿರುತ್ತದೆ ಅಂತ ತೋರಿಸಿದೆ. ಒಂದೊಂದನ್ನೂ ಬೆರಳಿನಿಂದ ಮುಟ್ಟಿ ಓದಿದ. ‘ಎಲ್ಲಾ ಇದೇ ವರ್ಷದಾವ,’ ಅಂದ.

ಆರ್‌ಟಿಒ ಕಾಗದ ಎಲ್ಲ ಮುಗಿದ ಮೇಲೆ ಮೊದಲು ಹೊರಟಿದ್ದು ಮೈಲಾರ ಮಲ್ಲಣ್ಣನ ದರ್ಶನಕ್ಕೆ. ಅವ್ವ ನಾಲ್ಕು ಗಾಲಿಗೂ ನಿಂಬೆಹಣ್ಣು ಇಟ್ಟಳು. ಅಪ್ಪ ದಾರಿಯಲ್ಲಿ ಆ ಆಯಿಯ ಮನೆ ಮುಂದೆ ನಿಲ್ಲಿಸಿದ. ಆಕೆ ಬಾಗಿಲಲ್ಲೇ ನಿಂತು ಜೀಪನ್ನು ಮೇಲೆ ಕೆಳಗೆ ನೋಡಿದಳು. ಬಲಗೈ ಇಂದಿಗೂ ಪೂರ್ತಿ ಚಾಚುವುದಿಲ್ಲ.

‘ಟೈರ್ ಹೊಸಾವ ಏನಪಾ?’

‘ಹೊಸಾವ ಆಯಿ. ಸ್ಟೆಪ್ನೀನೂ ಹೊಸಾದ,’ ಅಂದ ಅಪ್ಪ.

ಆಯಿ ಹತ್ತಿ ಮುಂದಿನ ಸೀಟಿನಲ್ಲೇ ಕೂತಳು.