ತಮ್ಮನ ನೋಟ್‌ಬುಕ್, ನನ್ನ ಸುದ್ದಿ

ರೋಣ, ನರಗುಂದ, ಗಜೇಂದ್ರಗಡ ಈ ಮೂರು ತಾಲ್ಲೂಕಿನ ಸುದ್ದಿ ಕಳಿಸೋದು ನನ್ನ ಕೆಲಸ. ಸಂಬಳ ಇಲ್ಲ, ಅಚ್ಚಾದ ಸುದ್ದಿಗೆ ಇಷ್ಟು ಅಂತ ಲೆಕ್ಕ. ಬೆಣ್ಣೆಹಳ್ಳ ಉಕ್ಕಿದಾಗ, ಮಹದಾಯಿ ಹೋರಾಟ ಕಾವೇರಿದಾಗ, ಖರೀದಿ ಕೇಂದ್ರದ ಮುಂದೆ ಟ್ರ್ಯಾಕ್ಟರ್ ಸಾಲು ನಿಂತಾಗ ಸುದ್ದಿಗೆ ಬರ ಇರೋದಿಲ್ಲ. ಉಳಿದ ದಿನ ನಾವೇ ಹುಡುಕಿಕೊಂಡು ಹೋಗಬೇಕು. ಎರಡು ವರ್ಷದ ಹಿಂದೆ ಅಂಥ ಒಂದು ಖಾಲಿ ವಾರದಲ್ಲಿ ನಾನು ಹುಡುಕಿದ ಸುದ್ದಿ ನನ್ನ ಮನೆಯಲ್ಲೇ ಇತ್ತು.

ಗೇಮ್ ಗೀಳಿಗೆ ಬಿದ್ದ ಹಳ್ಳಿ ಹುಡುಗರ ಬಗ್ಗೆ ಬರೆದೆ. ದುಡ್ಡು ಕಟ್ಟಿ ರಮ್ಮಿ ಆಡಿ ಸಾಲ ಮಾಡಿಕೊಂಡವರ ಕತೆ ಎರಡು ಸಿಕ್ಕಿದ್ದವು. ಮೂರನೆಯದಕ್ಕೆ ತಮ್ಮನನ್ನು ಹಾಕಿದೆ. ಹೆಸರು ಹಾಕಲಿಲ್ಲ. 'ಗಜೇಂದ್ರಗಡ ತಾಲ್ಲೂಕಿನ ಯುವಕನೊಬ್ಬ ಕಾರ್ ರೇಸ್ ಗೇಮ್‌ಗೆ ದಾಸನಾಗಿ ಇಂಜಿನಿಯರಿಂಗ್ ಅರ್ಧಕ್ಕೆ ಬಿಟ್ಟು ಮನೆಯಲ್ಲಿ ಕುಳಿತಿದ್ದಾನೆ' ಅಂತ ಒಂದೇ ವಾಕ್ಯ. ನಮ್ಮ ಊರಲ್ಲಿ ಸ್ಟೀರಿಂಗ್ ಇಟ್ಟುಕೊಂಡು ಆಟ ಆಡುವವನು ಒಬ್ಬನೇ. ಬೆಳಗ್ಗೆ ಎಂಟಕ್ಕೆ ಚಹಾದಂಗಡಿಯಲ್ಲಿ ಪೇಪರ್ ಬಿಚ್ಚಿದರೆ ಒಂಬತ್ತಕ್ಕೆ ಊರಿಗೆಲ್ಲಾ ಗೊತ್ತು.

ಅವ್ವ ಫೋನ್ ಮಾಡಿದಳು. "ಯಪ್ಪಾ, ನೀ ಬರದದ್ದು ನಮ್ಮ ಹುಡುಗನ ಮ್ಯಾಲೇನು?"

ನಾನು "ಹೆಸರು ಹಾಕಿಲ್ಲಬೇ" ಅಂದೆ. ಆಕೆ ಮತ್ತೇನೂ ಕೇಳಲಿಲ್ಲ.

ಆ ವಾಕ್ಯ ಸುಳ್ಳು ಅಂತ ನನಗೆ ಗೊತ್ತಿತ್ತು. ತಮ್ಮ ಕಾಲೇಜು ಬಿಟ್ಟದ್ದು 2021ರಲ್ಲಿ, ಅಪ್ಪನಿಗೆ ಲಕ್ವಾ ಹೊಡೆದ ಮೇಲೆ. ಅಪ್ಪನನ್ನು ಎತ್ತಿ ಕೂಡಿಸಲು, ದವಾಖಾನೆಗೆ ಒಯ್ಯಲು ಮನೆಯಲ್ಲಿ ಗಂಡಾಳು ಬೇಕಿತ್ತು. ಹಿರಿಯ ಮಗ ನಾನು. ನಾನು ರೋಣದಲ್ಲೇ ಉಳಿದೆ, 'ಸುದ್ದಿ ಬಿಟ್ಟರೆ ಏಜೆನ್ಸಿ ಹೋಗತೈತಿ' ಅಂದೆ. ಅವನು ಬ್ಯಾಗ್ ತಗೊಂಡು ಊರಿಗೆ ಬಂದ. ಸ್ಟೀರಿಂಗ್ ಕೊಂಡದ್ದು ಅದಾದ ಮರುವರ್ಷ. ಕಟಾವು ಮಷಿನ್ ಜೊತೆ ಒಂದು ಸೀಸನ್ ದುಡಿದು, ಮುಚ್ಚಿಹೋಗುತ್ತಿದ್ದ ಸೈಬರ್ ಸೆಂಟರ್‌ನಿಂದ ಕಂಪ್ಯೂಟರ್, ಯಾರೋ ಬಳಸಿ ಬಿಟ್ಟ ಲಾಜಿಟೆಕ್ ಸ್ಟೀರಿಂಗ್ ತಂದಿದ್ದ. ಅಂದರೆ ಆಟದಿಂದ ಕಾಲೇಜು ಹೋಗಲಿಲ್ಲ. ಕಾಲೇಜು ಹೋದ ಮೇಲೆ ಆಟ ಬಂತು. ನಾನು ಹಿಂದಿನದನ್ನು ಮುಂದೆ ಇಟ್ಟೆ, ಯಾಕಂದರೆ ವಾಕ್ಯ ಚಂದ ಕೂತಿತ್ತು.

ತಮ್ಮ ಜಗಳ ಮಾಡಲಿಲ್ಲ. ಮಾತು ಬಿಟ್ಟ. ನಾಲ್ಕು ತಿಂಗಳು ನನ್ನ ಫೋನ್ ಎತ್ತಲಿಲ್ಲ. ಟ್ರ್ಯಾಕ್ಟರ್ ಗ್ಯಾರೇಜೊಂದರಲ್ಲಿ ಅವನಿಗೆ ಕೆಲಸದ ಮಾತು ನಡೆದಿತ್ತು, ಅದೂ ನಿಂತಿತು. ಸುದ್ದಿಯಿಂದಲೇ ನಿಂತಿತಾ, ಬೇರೆ ಕಾರಣ ಇತ್ತಾ ಅಂತ ಅವರು ಹೇಳಲಿಲ್ಲ, ನಾನೂ ಕೇಳುವ ಧೈರ್ಯ ಮಾಡಲಿಲ್ಲ.

ಸಂಕ್ರಾಂತಿಗೆ ಊರಿಗೆ ಹೋದೆ. ಸೂಡಿ ದಾಟಿ ಎರಿ ಹೊಲದ ನಡುವಿನ ದಾರಿಯಲ್ಲಿ ಬೈಕ್ ಓಡಿಸುತ್ತಾ ಏನು ಮಾತಾಡಬೇಕು ಅಂತ ಹತ್ತು ಸಲ ಜೋಡಿಸಿಕೊಂಡೆ. ರಾತ್ರಿ ಅಪ್ಪ ಮಲಗಿದ ಮೇಲೆ ತಮ್ಮ ತನ್ನ ಕೋಣೆಯಲ್ಲಿ ಕಂಪ್ಯೂಟರ್ ಹಚ್ಚಿದ. ನಾನು ಬಾಗಿಲಲ್ಲಿ ನಿಂತೆ. ಮೇಜಿನ ಮೇಲೆ 200 ಪುಟದ ನೋಟ್‌ಬುಕ್ ಇತ್ತು. ಲೆಕ್ಕದ ಪುಸ್ತಕ ಅಂತ ತೆಗೆದು ನೋಡಿದೆ. ಪುಟದ ತುಂಬಾ ಗೆರೆ, ಅಂಕಿ. 'ಎಡ ಮುಂದೆ 26.9, ಬಲ ಮುಂದೆ 26.4. ರೆಕ್ಕೆ 1 ಇಳಿಸಿದೆ. 3 ಲ್ಯಾಪ್. ಎರಡನೇ ತಿರುವಿನಲ್ಲಿ ಹಿಂಭಾಗ ಜಾರಿತು.' ಪ್ರತಿ ಪುಟಕ್ಕೂ ತಾರೀಖು.

"ಇದೇನೋ ಇದು?" ಅಂದೆ. ಅವನ ಆಟದ ಬಗ್ಗೆ ನಾನು ಕೇಳಿದ ಮೊದಲ ಪ್ರಶ್ನೆ ಅದು. ಸುದ್ದಿ ಬರೆಯುವ ಮೊದಲೇ ಕೇಳಬೇಕಿತ್ತು.

ಸ್ವಲ್ಪ ಹೊತ್ತು ಸುಮ್ಮನಿದ್ದು "ಕುಂದರು" ಅಂದ.

ಆಟದ ಹೆಸರು ಅಸೆಟ್ಟೊ ಕೋರ್ಸಾ ಕಾಂಪಿಟಿಜಿಯೋನೆ. ಇಟಲಿಯ ಕಂಪನಿ ಮಾಡಿದ್ದು, 2019ರಲ್ಲಿ ಬಂದದ್ದು. ಇದರಲ್ಲಿ ಗುಂಡು ಹಾರಿಸೋದಿಲ್ಲ, ದುಡ್ಡು ಕಟ್ಟೋದಿಲ್ಲ. ಜಿಟಿ3 ಅನ್ನುವ ದರ್ಜೆಯ ರೇಸ್ ಕಾರು, ನಿಜವಾದ ಟ್ರ್ಯಾಕಿನ ಅಳತೆಯ ಟ್ರ್ಯಾಕ್. ಅವತ್ತು ಅವನು ಓಡಿಸುತ್ತಿದ್ದದ್ದು ಇಟಲಿಯ ಮೋಂಜಾ ಟ್ರ್ಯಾಕ್, ಒಂದು ಸುತ್ತಿಗೆ 5.793 ಕಿಲೋಮೀಟರ್. ನಾನು ಓಡಿಸಿ ನೋಡಿದೆ. ಮೊದಲ ತಿರುವಿನಲ್ಲೇ ಬ್ರೇಕ್ ತಡವಾಗಿ ಜಲ್ಲಿಕಲ್ಲಿಗೆ ಇಳಿದೆ. ಸ್ಟೀರಿಂಗ್ ಕೈಯಲ್ಲಿ ನಡುಗಿತು.

"ಓಡಸೂದು ಅರ್ಧ ಕೆಲಸ ಅಣ್ಣಾ. ಉಳಿದರ್ಧ ಗಾಡಿ ಹೊಂದಸೂದು" ಅಂದ.

ನನಗೆ ಅರ್ಥವಾಗಲೆಂದು ಅಪ್ಪನ ಟ್ರ್ಯಾಕ್ಟರ್‌ನಿಂದ ಶುರು ಮಾಡಿದ. ಅಪ್ಪ ಮೂವತ್ತು ವರ್ಷ ಬೇರೆಯವರ ಟ್ರ್ಯಾಕ್ಟರ್ ಹೊಡೆದವನು. ಹೊಲಕ್ಕೆ ಇಳಿಯುವಾಗ ಹಿಂದಿನ ಗಾಲಿಯ ಗಾಳಿ ಇಳಿಸುತ್ತಿದ್ದ, ಟ್ರೇಲರ್ ಹಚ್ಚಿ ರಸ್ತೆಗೆ ಬರುವಾಗ ಏರಿಸುತ್ತಿದ್ದ. ಗಾಳಿ ಕಡಿಮೆ ಇದ್ದರೆ ಗಾಲಿ ಅಗಲವಾಗಿ ಕೂತು ಮಣ್ಣು ಹಿಡಿಯುತ್ತದೆ. ರಸ್ತೆಯ ಮೇಲೆ ಅದೇ ಗಾಳಿಯಲ್ಲಿ ಓಡಿಸಿದರೆ ಟೈರಿನ ಮೈ ಬಾಗಿ ಬಾಗಿ ಬಿಸಿಯಾಗಿ ಸವೆಯುತ್ತದೆ. ಅಷ್ಟೇ ಸಂಗತಿ ರೇಸ್ ಕಾರಿನಲ್ಲೂ.

ಆದರೆ ಒಂದು ತಿರುವು ಇದೆ. ಟೈರ್ ಬಿಸಿಯಾದಂತೆ ಒಳಗಿನ ಗಾಳಿಯ ಒತ್ತಡವೂ ಏರುತ್ತದೆ. 30 ಪಿಎಸ್‌ಐ ಇರುವ ಟೈರಿನಲ್ಲಿ 10 ಡಿಗ್ರಿ ಬಿಸಿ ಹೆಚ್ಚಾದರೆ ಒತ್ತಡ ಸುಮಾರು ಒಂದೂವರೆ ಪಿಎಸ್‌ಐ ಏರುತ್ತದೆ. ಅದಕ್ಕೇ ನಿಂತಾಗ ಕಡಿಮೆ ತುಂಬಿ, ಎರಡು ಮೂರು ಸುತ್ತು ಓಡಿ ಬಿಸಿಯಾದ ಮೇಲೆ ಬೇಕಾದ ಅಂಕಿಗೆ ಬರುವಂತೆ ನೋಡಿಕೊಳ್ಳಬೇಕು. ಈ ಆಟದಲ್ಲಿ ಒಣ ಟ್ರ್ಯಾಕಿಗೆ 26ರಿಂದ 27ರ ಒಳಗೆ. ಮೋಂಜಾದಲ್ಲಿ ಬಲಕ್ಕೆ ತಿರುವು ಜಾಸ್ತಿ, ಭಾರ ಎಡಗಡೆಗೆ ಬೀಳುತ್ತದೆ, ಎಡ ಟೈರ್ ಹೆಚ್ಚು ಕಾಯುತ್ತದೆ. ಹಾಗಾಗಿ ಎಡಕ್ಕೆ ಮೊದಲೇ ಸ್ವಲ್ಪ ಕಡಿಮೆ ಗಾಳಿ. ನೋಟ್‌ಬುಕ್ಕಿನಲ್ಲಿ ನಾಲ್ಕು ಗಾಲಿಗೆ ನಾಲ್ಕು ಅಂಕಿ ಇದ್ದದ್ದು ಇದಕ್ಕೆ.

ಆಮೇಲೆ ರೆಕ್ಕೆ. ಕಾರಿನ ಹಿಂದೆ ಇರುವ ರೆಕ್ಕೆ ಗಾಳಿಯಿಂದ ಕಾರನ್ನು ನೆಲಕ್ಕೆ ಒತ್ತುತ್ತದೆ. ಹೆಚ್ಚು ನಿಲ್ಲಿಸಿದರೆ ತಿರುವಿನಲ್ಲಿ ಹಿಡಿತ ಸಿಗುತ್ತದೆ, ನೇರ ದಾರಿಯಲ್ಲಿ ವೇಗ ಸಾಯುತ್ತದೆ. ಮೋಂಜಾದಲ್ಲಿ ನೇರ ದಾರಿ ಉದ್ದ, ಅದಕ್ಕೆ ರೆಕ್ಕೆ ಕಡಿಮೆ. ಬ್ರೇಕನ್ನೂ ಮುಂದಕ್ಕೆ ಎಷ್ಟು, ಹಿಂದಕ್ಕೆ ಎಷ್ಟು ಅಂತ ಹಂಚಬಹುದು. ಹಿಂದಕ್ಕೆ ಜಾಸ್ತಿ ಕೊಟ್ಟರೆ ಹಿಂದಿನ ಗಾಲಿ ಕಟ್ಟಿ ಕಾರು ತಿರುಗಿ ನಿಲ್ಲುತ್ತದೆ. ತಿರುವಿನಲ್ಲಿ ಕಾರು ಒಂದು ಕಡೆ ವಾಲದಂತೆ ಹಿಡಿಯುವ ಕಬ್ಬಿಣದ ಸರಳು ಮುಂದೊಂದು, ಹಿಂದೊಂದು. ಮುಂದಿನದನ್ನು ಗಟ್ಟಿ ಮಾಡಿದರೆ ಸ್ಟೀರಿಂಗ್ ತಿರುಗಿಸಿದರೂ ಕಾರು ನೆಟ್ಟಗೆ ಹೋಗಲು ನೋಡುತ್ತದೆ. ಹಿಂದಿನದನ್ನು ಗಟ್ಟಿ ಮಾಡಿದರೆ ಬಾಲ ಜಾರುತ್ತದೆ.

"ಕಾರು ತಿರುಗವಲ್ದು ಅಂದ್ರ ಏನ್ ಬದಲ ಮಾಡ್ತಿ?" ಅಂತ ನನ್ನನ್ನೇ ಕೇಳಿದ.

ನಾನು ಜಾಣತನ ತೋರಿಸಿ ಮುಂದಿನ ಗಾಳಿ ಇಳಿಸು, ಸರಳು ಸಡಿಲ ಮಾಡು, ಹಿಂದಿನ ರೆಕ್ಕೆ ಇಳಿಸು ಅಂತ ಮೂರು ಹೇಳಿದೆ. ಮೂರನ್ನೂ ಮಾಡಿ ನನ್ನ ಕೈಗೆ ಕೊಟ್ಟ. ಕಾರು ಎರಡನೇ ಸುತ್ತಿನಲ್ಲಿ ಗಿರಕಿ ಹೊಡೆಯಿತು.

"ಈಗ ಹೇಳು, ಯಾವುದರಿಂದ ತಪ್ಪಾತು?"

ಹೇಳಲು ಬರಲಿಲ್ಲ.

"ಒಂದ್ ಸಲಕ್ಕ ಒಂದ ಬದಲ ಮಾಡಬೇಕಣ್ಣಾ. ಮೂರು ಸುತ್ತು ಓಡಿಸಬೇಕು. ಬರದಿಡಬೇಕು. ಇಲ್ಲಾಂದ್ರ ಯಾವುದರಿಂದ ಏನಾತು ಅಂತ ಗೊತ್ತಾಗಂಗಿಲ್ಲ. ಸುಮ್ನ ಯಾವುದರ ಮ್ಯಾಲರ ಹಾಕಿಬಿಡ್ತೀವಿ."

ಅವನು ಕಾರಿನ ಬಗ್ಗೆಯೇ ಹೇಳಿದ್ದ, ನನ್ನ ಮುಖ ಕೂಡ ನೋಡಿರಲಿಲ್ಲ. ನನಗೆ ಮಾತ್ರ ಕುಂತಲ್ಲಿ ಕೂಡಲಾಗಲಿಲ್ಲ. ಪತ್ರಿಕೋದ್ಯಮದ ಡಿಪ್ಲೊಮಾದಲ್ಲಿ ಏನು, ಯಾರು, ಎಲ್ಲಿ, ಯಾವಾಗ, ಯಾಕೆ ಅಂತ ಕಲಿಸಿದ್ದರು. 'ಯಾಕೆ' ಅನ್ನೋದಕ್ಕೆ ನಾನು ಒಂದು ಸುತ್ತೂ ಓಡಿಸದೆ ಉತ್ತರ ಬರೆದಿದ್ದೆ.

"ತಪ್ಪು ನಂದು. ಅಪ್ಪನ ಸಲುವಾಗಿ ನೀ ಬಂದಿ, ನಾ ಬರಲಿಲ್ಲ. ಅದು ಬರೀಲಿಲ್ಲ" ಅಂದೆ.

"ಗೊತ್ತೈತಿ ಬಿಡು" ಅಂದ. ಸ್ವಲ್ಪ ಹೊತ್ತಿಗೆ ಅವ್ವ ಚಹಾ ತಂದಳು. ಅವತ್ತು ರಾತ್ರಿ ಅಷ್ಟೇ ಮಾತು.

ಪತ್ರಿಕೆಗೆ ತಿದ್ದುಪಡಿ ಹಾಕಲು ಕೇಳಿದೆ. ಹೆಸರೇ ಇಲ್ಲದ ಮೇಲೆ ತಿದ್ದುಪಡಿ ಯಾರ ಬಗ್ಗೆ ಹಾಕೋಣ ಅಂದರು. ಅವರ ಮಾತಿನಲ್ಲೂ ನ್ಯಾಯ ಇತ್ತು. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಆ ಸುದ್ದಿಯ ಇನ್ನೊಂದು ತಪ್ಪನ್ನೂ ಹೇಳಬೇಕು. ದುಡ್ಡು ಕಟ್ಟಿ ಆಡುವುದನ್ನೂ ಇದನ್ನೂ ಒಂದೇ ಚೀಲಕ್ಕೆ ತುಂಬಿದ್ದೆ. ಎರಡೂ ಬೇರೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಪಾಸು ಮಾಡಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಕೂಡ ಹಣ ಹೂಡುವ ಆಟವನ್ನು ನಿಷೇಧಿಸಿ, ಇ-ಸ್ಪೋರ್ಟ್ಸ್ ಅನ್ನು ಬೇರೆಯಾಗಿಯೇ ಇಟ್ಟಿದೆ. ನಿಮ್ಮ ಮನೆಯ ಹುಡುಗ ಆಡುತ್ತಿದ್ದರೆ ಮೊದಲು ಪಕ್ಕದಲ್ಲಿ ಕೂತು ನೋಡಿ, ದುಡ್ಡು ಹೋಗುತ್ತಿದೆಯಾ ಕೇಳಿ. ಬೈಯೋದಿದ್ದರೆ ಆಮೇಲೆ ಬೈಯಿರಿ.

ಇದರಿಂದ ತಮ್ಮ ರೇಸರ್ ಆಗುತ್ತಾನೆ ಅಂತ ನಾನು ಹೇಳುತ್ತಿಲ್ಲ. ಇಂಗ್ಲೆಂಡಿನ ಯಾನ್ ಮಾರ್ಡನ್‌ಬರೊ ಗ್ರಾನ್ ಟುರಿಸ್ಮೊ ಆಟದ ಸ್ಪರ್ಧೆಯನ್ನು 2011ರಲ್ಲಿ ಗೆದ್ದು, 2013ರಲ್ಲಿ ಫ್ರಾನ್ಸಿನ ಲೆ ಮಾನ್ಸ್ 24 ಗಂಟೆಗಳ ನಿಜವಾದ ರೇಸಿನಲ್ಲಿ ತನ್ನ ದರ್ಜೆಯಲ್ಲಿ ಮೂರನೆಯ ಸ್ಥಾನ ಪಡೆದ. ಅವನ ಮೇಲೆ ಸಿನಿಮಾ ಕೂಡ ಬಂತು. ನಮ್ಮ ಬೆಂಗಳೂರಿನ ಕುಶ್ ಮೈನಿ 2025ರಲ್ಲಿ ಮೊನಾಕೊದಲ್ಲಿ ಫಾರ್ಮುಲಾ 2 ಸ್ಪ್ರಿಂಟ್ ರೇಸ್ ಗೆದ್ದರು. ಆದರೆ ಅವರ ತಂದೆಯೂ ರೇಸ್ ಓಡಿಸಿದವರು, ದೊಡ್ಡ ಉದ್ಯಮದ ಮನೆತನ. ಎರಿ ಹೊಲದ ಊರಿನಿಂದ ಅಲ್ಲಿಗೆ ದಾರಿ ಹತ್ತಿರದ್ದಲ್ಲ, ಅದು ತಮ್ಮನಿಗೂ ಗೊತ್ತು. "ನಂಗ ಓಡಸೂದಕಿಂತ ಹೊಂದಸೂದು ಸೇರತೈತಿ" ಅನ್ನುತ್ತಾನೆ.

ಈಗ ರೋಣದಲ್ಲಿ ಬೇರೊಂದು ಗ್ಯಾರೇಜಿನಲ್ಲಿ ದಿನಗೂಲಿ ಕೆಲಸ ಮಾಡುತ್ತಾನೆ, ವಾರಕ್ಕೆ ನಾಲ್ಕು ದಿನ. ಆ ನಾಲ್ಕು ದಿನ ರಾತ್ರಿ ನನ್ನ ಮನೆಯಲ್ಲಿ ಇರುತ್ತಾನೆ, ನಾನು ಊರಿಗೆ ಹೋಗಿ ಅಪ್ಪನ ಹತ್ತಿರ ಮಲಗುತ್ತೇನೆ. ಸುದ್ದಿಯನ್ನು ಅಲ್ಲಿಂದಲೇ ಕಳಿಸುತ್ತೇನೆ. ಏಜೆನ್ಸಿ ಹೋಗಿಲ್ಲ. 2021ರಲ್ಲೂ ಹೀಗೆ ಮಾಡಬಹುದಿತ್ತು.

ಇದನ್ನು ಹಾಕುವ ಮೊದಲು ತಮ್ಮನಿಗೆ ಓದಲು ಕೊಟ್ಟೆ. ಕಾಲೇಜಿನ ಸಂಗತಿ, ಗ್ಯಾರೇಜಿನ ಸಂಗತಿ ಎಲ್ಲಾ ಓದಿದ, ಏನೂ ಅನ್ನಲಿಲ್ಲ. ಎಡ ಟೈರಿಗೆ ಹೆಚ್ಚು ಗಾಳಿ ಅಂತ ಬರೆದಿದ್ದೆ, ಅದನ್ನು ಕಡಿಮೆ ಅಂತ ತಿದ್ದಿದ. ಆಮೇಲೆ "ನಿಂದು ಲ್ಯಾಪ್ ಟೈಮ್ ಬರದಿಲ್ಲಲಾ?" ಅಂತ ಕೇಳಿದ.

ಬರೆಯುತ್ತೇನೆ. ಮೋಂಜಾದಲ್ಲಿ ಅವನದು 1 ನಿಮಿಷ 49 ಸೆಕೆಂಡ್. ನನ್ನದು 2 ನಿಮಿಷ 3 ಸೆಕೆಂಡ್, ಅದೂ ಎರಡು ಸಲ ಜಲ್ಲಿಗೆ ಇಳಿದು.